ಆರಿಸಬಾರದ ಕಂಪ್ಯೂಟರು

ಹನ್ನೆರಡನೆಯ ದಿನ ಬೆಳಿಗ್ಗೆ ಅಚ್ಚಿನಯ್ಯನವರು ಮುಖ ತೊಳೆಯುವುದಕ್ಕೂ ಮೊದಲು ಕಂಪ್ಯೂಟರಿನ ಕೋಣೆಗೆ ಹೋಗಿ ಇಣುಕಿದರು. ಪರದೆ ಬೆಳಗುತ್ತಿತ್ತು. ಗೋಡೆಯ ಸ್ವಿಚ್ಚಿಗೆ ತಾವೇ ಕಟ್ಟಿದ್ದ ಕರವಸ್ತ್ರ ಕಟ್ಟಿದ ಹಾಗೆಯೇ ಇತ್ತು. ಸದ್ಯ, ಎಂದುಕೊಂಡು ಬಂದು ಪ್ರಾರ್ಥನೆಗೆ ಕುಳಿತರು.

ಅವರ ಪ್ರಾರ್ಥನೆಯೊಳಗೆ ಈಚೆಗೆ ಒಂದು ಅಕ್ರಮ ನುಸುಳಿತ್ತು. ಐವತ್ತು ವರ್ಷದಿಂದ ಮೊದಲು ದೇವರ ಸ್ಮರಣೆ, ಆಮೇಲೆ ಮನೆಯವರ ಕ್ಷೇಮ, ಕಡೆಗೆ ತಮ್ಮದೇನಾದರೂ ಇದ್ದರೆ ಅದು. ಈಗ ಕಣ್ಣು ಮುಚ್ಚಿದ ಕೂಡಲೇ ಬಾಯಿಗೆ ಬರುತ್ತಿದ್ದದ್ದು, 'ಇವತ್ತೊಂದು ದಿನ ಕರೆಂಟು ಹೋಗದ ಹಾಗೆ ನೋಡಿಕೊಳ್ಳಪ್ಪ' ಎಂದು. ಹೆಂಡತಿಯ ಆತ್ಮಶಾಂತಿ ಎರಡನೆಯದಾಗಿಬಿಟ್ಟಿತ್ತು. ನೆನಪಾದಾಗ ನಾಲಿಗೆ ಕಚ್ಚಿಕೊಂಡು ಇಬ್ಬರ ಕ್ಷಮೆಯನ್ನೂ ಕೇಳುತ್ತಿದ್ದರು, ದೇವರದೂ ಆಕೆಯದೂ. ಮರುದಿನ ಮತ್ತೆ ಅದೇ.

ಆ ದಿನ ಪ್ರಾರ್ಥನೆ ಮುಗಿಸಿ ಬಾಗಿಲು ತೆಗೆದರೆ ಹೊಸ್ತಿಲ ಹತ್ತಿರ ಒಂದು ಚೀಟಿ ಬಿದ್ದಿತ್ತು. ಬೀದಿಯ ಹಳೆಯ ಕಂಬ ಬದಲಾಯಿಸುವುದರಿಂದ ಮಧ್ಯಾಹ್ನ ಮೂರರಿಂದ ಐದರವರೆಗೆ ವಿದ್ಯುತ್ ಇರುವುದಿಲ್ಲ, ಸಹಕರಿಸಬೇಕು, ಎಂದು. ಅಚ್ಚಿನಯ್ಯನವರು ಅದನ್ನು ಎರಡು ಸಲ ಓದಿದರು. ಮೇಜಿನ ಕೆಳಗೆ ಬ್ಯಾಟರಿಯ ಡಬ್ಬವೊಂದು ಇತ್ತು, ನಿಜ. ಆದರೆ ಅದರ ಆಯುಸ್ಸು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವಷ್ಟು.

ಸಂಗತಿ ಇದು. ಅವರ ಹೆಂಡತಿ, ಎಲ್ಲರೂ ದೊಡ್ಡ ಟೀಚರು ಎಂದು ಕರೆಯುತ್ತಿದ್ದಾಕೆ, ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಆ ಮಕ್ಕಳಿಗಾಗಿ ಒಂದು ಕೈಮಾತಿನ ಪುಸ್ತಕ ಮಾಡಿದ್ದರು. ಪುಟಕ್ಕೊಂದು ಪದ, ಅದರ ಕೆಳಗೆ ಆ ಪದವನ್ನು ಕೈಯಿಂದ ಹೇಳುವ ಬಗೆ ತೋರಿಸುವ ಫೋಟೋ. ಫೋಟೋದ ಕೈ ಅಚ್ಚಿನಯ್ಯನವರದು. ಎರಡು ವರ್ಷ, ಭಾನುವಾರಗಳಲ್ಲಿ, ಕಿಟಕಿಯ ಪಕ್ಕ ಕುರ್ಚಿ ಹಾಕಿ ಗಂಡನನ್ನು ಕೂರಿಸಿ, ಮಣಿಕಟ್ಟು ಹಿಡಿದು ಹೀಗಲ್ಲ ಹೀಗೆ ಎಂದು ತಿರುಗಿಸಿ, ಆಕೆ ತೆಗೆದವು. ಮಕ್ಕಳಿಗೆ ಬಿಡಿ ಹಾಳೆಗಳನ್ನು ಹಂಚಿಯೂ ಇದ್ದರು. ಪುಸ್ತಕವಾಗಿ ಅಚ್ಚಾಗುವ ಮೊದಲೇ ಕಾಯಿಲೆ ಬಂತು. ಎರಡೂವರೆ ತಿಂಗಳ ಹಿಂದೆ ದೊಡ್ಡ ಟೀಚರು ಹೋಗಿಬಿಟ್ಟರು, ಪುಸ್ತಕ ಕಂಪ್ಯೂಟರಿನಲ್ಲಿ ಉಳಿಯಿತು.

ಅದರೊಳಗಿನ ಅರವತ್ತೆರಡು ಫೋಟೋಗಳನ್ನು ಅಚ್ಚಿನಯ್ಯನವರು ಹನ್ನೊಂದು ದಿನ ಕುಳಿತು ಬದಲಾಯಿಸಿದ್ದರು. ಬದಲಾಯಿಸಿದ್ದೆಲ್ಲ ಪರದೆಯ ಮೇಲೆ ಕಾಣುತ್ತಿತ್ತು, ಪೆಟ್ಟಿಗೆಯ ಒಳಕ್ಕೆ ಮಾತ್ರ ಇಳಿಯುತ್ತಿರಲಿಲ್ಲ. 'ಉಳಿಸು' ಎಂಬ ಗುಂಡಿ ಒತ್ತಿದಾಗಲೆಲ್ಲ ಒಂದೇ ಉತ್ತರ: “ಇಲ್ಲಿ ಉಳಿಸಲು ನಿಮಗೆ ಅನುಮತಿ ಇಲ್ಲ. ಒಡೆಯರನ್ನು ಸಂಪರ್ಕಿಸಿ.”

ಬೇರೆ ಯಾರಾದರೂ ಆಗಿದ್ದರೆ ಯಂತ್ರವನ್ನು ಬೈದು, ನೆತ್ತಿಗೆರಡು ಏಟು ಹಾಕಿ, ಮೊದಲನೆಯ ದಿನವೇ ರಿಪೇರಿಗೆ ಹೇಳಿಕಳಿಸುತ್ತಿದ್ದರು. ಅಚ್ಚಿನಯ್ಯನವರು ಮಾತ್ರ ಅದನ್ನು ಯಂತ್ರದ ತಪ್ಪೆಂದು ತಿಳಿಯಲೇ ಇಲ್ಲ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವರು ಅವರು. ಬರೆದವರ ಒಪ್ಪಿಗೆಯ ರುಜು ಇಲ್ಲದೆ ಕರಡಿನಲ್ಲಿ ಒಂದು ಚುಕ್ಕೆಯನ್ನೂ ಕದಲಿಸಕೂಡದು ಎಂಬುದು ಅಲ್ಲಿನ ಕಟ್ಟಳೆ. ಯಂತ್ರ ಕೇಳುತ್ತಿರುವುದೂ ಅದನ್ನೇ ತಾನೆ? ನ್ಯಾಯವಾಗಿಯೇ ಕೇಳುತ್ತಿದೆ. ಒಡೆಯರನ್ನು ಸಂಪರ್ಕಿಸುವುದು ಎಲ್ಲಿ?

ಮೊದಲ ದಿನ ಆ ಮಾತು ಓದಿ ಅವರು ಮೇಜಿನಿಂದ ಕೈ ತೆಗೆದಿದ್ದರು. ಆಮೇಲೆ ತಮಗೆ ತಿಳಿದ ದಾರಿ ಹಿಡಿದರು. ಅಚ್ಚುಕೂಟದಲ್ಲಿ ಬರೆದವರು ಬಂದು ರುಜು ಹಾಕುವುದು ತಡವಾದರೆ, ಮೊಳೆ ಜೋಡಿಸಿದ ಪುಟದ ಸುತ್ತ ದಾರ ಬಿಗಿದು ಕೆಲಸದ ಕಲ್ಲುಹಲಗೆಯ ಮೇಲೆ ಹಾಗೆಯೇ ಬಿಡುತ್ತಿದ್ದರು, ಯಾರೂ ಮುಟ್ಟುತ್ತಿರಲಿಲ್ಲ. ಇಲ್ಲಿ ದಾರ ಬಿಗಿಯುವ ಹಾಗಿಲ್ಲವಾದ್ದರಿಂದ ಸ್ವಿಚ್ಚಿಗೆ ಕರವಸ್ತ್ರ ಕಟ್ಟಿದರು. ಮರುದಿನದಿಂದ ಪರದೆಯ ಮೇಲೆಯೇ ಕೆಲಸ ಮುಂದುವರಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು.

ಚೀಟಿ ಕೈಯಲ್ಲಿ ಹಿಡಿದು ಅವರು ಒಂಬತ್ತು ಗಂಟೆಗೇ ಕಂಪ್ಯೂಟರು ಸರಿಮಾಡುವ ರಿಪೇರಿಯಮ್ಮನ ಅಂಗಡಿಯ ಮುಂದೆ ನಿಂತರು. ಚಪ್ಪಲಿ ಅಂಗಡಿಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ತಂತಿಗಳ ನಡುವೆ, ನಲವತ್ತೈದರ ಆಸುಪಾಸಿನ ಆಕೆ ಕನ್ನಡಕ ನೆತ್ತಿಗೇರಿಸಿಕೊಂಡು ಕೂರುತ್ತಿದ್ದರು. ಕೈಯಲ್ಲಿದ್ದ ಕೆಲಸ ಮುಗಿಸಿಕೊಂಡು ಆಕೆ ಇವರ ಮನೆಗೆ ಬರುವಷ್ಟರಲ್ಲಿ ಹನ್ನೆರಡೂವರೆ.

“ಏನು ಯಜಮಾನ್ರೇ, ಹನ್ನೊಂದು ದಿನದಿಂದ ಆರಿಸೇ ಇಲ್ವಾ?” ಎಂದರು ಆಕೆ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು. “ಜ್ವರ ಬಂದೋರ ಹಣೆ ಸುಟ್ಟಂಗೆ ಸುಡ್ತಾ ಇದೆ.”

“ಆರಿಸಿದ್ರೆ ಎಲ್ಲಾ ಹೋಗುತ್ತಲ್ಲಮ್ಮ.”

“ಹೋಗುತ್ತೆ. ಅದು ಸರಿ. ಬೇರೆ ಕಡೆ ಉಳಿಸೋಣ ಅಂದ್ರೆ…” ಆಕೆ ಅಲ್ಲಿ ಇಲ್ಲಿ ಒತ್ತಿ ನೋಡಿದರು. “ಇದು ಯಾವ ಕಾಲದ ಪ್ರೋಗ್ರಾಮು? ಒಂದೇ ಬಾಗಿಲಿನ ಮನೆ ಕಟ್ಟಿದಾನೆ. ತನ್ನ ಫೋಲ್ಡರು ಬಿಟ್ಟು ಬೇರೆ ಕಡೆ ಇಡಲ್ಲ ಅನ್ನುತ್ತೆ.”

“ಶಾಲೆಯವರು ಕೊಟ್ಟಿದ್ದು. ಅವಳಿಗೆ ಅದೇ ರೂಢಿ.”

“ಹೋಗ್ಲಿ, ಹೊಸ ಫೋಟೋಗಳು ಕ್ಯಾಮೆರಾದಲ್ಲಿ ಇರ್ತವಲ್ಲ?”

“ಇಲ್ಲ. ಅಳಿಸಿದೆ.”

“ಅಳಿಸಿದ್ರಾ? ಯಾಕೆ?”

“ಅಂಟಿಸಿ ಆಗಿತ್ತಲ್ಲಮ್ಮ. ಅಚ್ಚಿನ ಕೆಲಸ ಮುಗಿದ ಮೇಲೆ ಮೊಳೆ ಬಿಡಿಸಿ ಅದರದರ ಖಾನೆಗೆ ಹಾಕಬೇಡವೆ? ಹಾಗೆ ದಿನಾ ಸಂಜೆ ಕ್ಯಾಮೆರಾ ಖಾಲಿ ಮಾಡ್ತಿದ್ದೆ.”

ರಿಪೇರಿಯಮ್ಮ ಅವರನ್ನೇ ನೋಡಿದರು. ಬೈಯಬೇಕೋ ನಗಬೇಕೋ ತಿಳಿಯದೆ ನೆತ್ತಿಯ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಪರದೆಗೆ ತಿರುಗಿದರು. ಪುಸ್ತಕ ಇದ್ದ ಫೋಲ್ಡರನ್ನು ಹುಡುಕಿ ಅದರ ಒಳಗುಟ್ಟು ತೆರೆದರು. ಅಲ್ಲೊಂದು ಪಟ್ಟಿ ಬಂತು.

“ನೋಡಿ, ಇಲ್ಲಿದೆ ರೋಗ. ಈ ಮನೇಲಿ ಎರಡು ಹೆಸರು. ಒಂದು ಟೀಚರಮ್ಮಂದು, ಅವರಿಗೆ ಎಲ್ಲಾದಕ್ಕೂ ಟಿಕ್ ಇದೆ. ಓದಬಹುದು, ಬರೀಬಹುದು, ಅಳಿಸಬಹುದು. ಇನ್ನೊಂದು 'ನಮ್ಮವರು' ಅಂತ. ಯಾರಿದು?”

“ನಾನೇ,” ಎಂದರು ಅಚ್ಚಿನಯ್ಯನವರು. ಹೆಸರು ಹಿಡಿದು ಕರೆಯದ ಆಕೆ ಕಂಪ್ಯೂಟರಿಗೂ ತಮ್ಮನ್ನು ಹಾಗೆಯೇ ಪರಿಚಯ ಮಾಡಿಸಿದ್ದು ಅವರಿಗೆ ಗೊತ್ತಿತ್ತು. ಆದರೆ ಇನ್ನೊಬ್ಬರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

“ಈ ನಮ್ಮವರಿಗೆ ಓದೋಕೆ ಮಾತ್ರ ಬಿಟ್ಟಿದಾರೆ. ಬರೆಯೋದಕ್ಕೆ ಟಿಕ್ಕೇ ಇಲ್ಲ. ಯಂತ್ರ ಕೆಟ್ಟಿಲ್ಲ ಯಜಮಾನ್ರೇ. ಟೀಚರಮ್ಮ ಬೇಕು ಅಂತಲೇ ನಿಮ್ಮ ಕೈ ಕಟ್ಟಿದಾರೆ. ಏನು ಘನಕಾರ್ಯ ಮಾಡಿದ್ರಿ?”

ಅಚ್ಚಿನಯ್ಯನವರಿಗೆ ಆಗ ಎಲ್ಲ ಹೊಳೆಯಿತು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಾಣಿಸಿತು. ಮೂರು ವರ್ಷದ ಹಿಂದಿನ ಮಾತು. ದೊಡ್ಡ ಟೀಚರು ಒಂದು ವರ್ಷದ ಪಾಠಗಳನ್ನೆಲ್ಲ ಪ್ರಿಂಟು ತೆಗೆದುಕೊಂಡು ಶಾಲೆಗೆ ಹೋಗಿದ್ದರು. ಅಚ್ಚಾದ ಮೇಲೆ ಇವನ್ನು ಇಟ್ಟುಕೊಂಡು ಏನು ಮಾಡುವುದು, ನಾಳೆಗೆ ಜಾಗ ತೆರವಾಗಲಿ, ಎಂದು ಅಚ್ಚಿನಯ್ಯನವರು ಕುಳಿತು ಒಂದೊಂದನ್ನೇ ಅಳಿಸಿ, ಚೊಕ್ಕಟ ಮಾಡಿ, ಸಂಜೆ ಹೆಂಡತಿ ಬಂದಾಗ ಹೆಮ್ಮೆಯಿಂದ ತೋರಿಸಿದ್ದರು. ಆಕೆ ಪರದೆ ನೋಡಿದರು, ಗಂಡನ ಮುಖ ನೋಡಿದರು, ಬಾಗಿಲು ಹಾಕಿಕೊಂಡು ಅತ್ತರು. ಮಾರನೆಯ ದಿನ ಕಂಪ್ಯೂಟರಿನಲ್ಲಿ ಎರಡು ಹೆಸರಾಯಿತು. “ನೋಡಿ, ಓದಿ, ಎಷ್ಟು ಬೇಕಾದ್ರೂ ಆಟ ಆಡಿ. ಇನ್ನು ಮೇಲೆ ನೀವು ಏನನ್ನೂ ಹಾಳು ಮಾಡೋಕೆ ಆಗಲ್ಲ,” ಎಂದಿದ್ದರು. ಆ ಮಾತಿನ ಅರ್ಥ ಇಷ್ಟು ಆಳದ್ದೆಂದು ಅಚ್ಚಿನಯ್ಯನವರಿಗೆ ಅಂದು ತಿಳಿದಿರಲಿಲ್ಲ.

“ಬಿಡಿಸೋದು ಸುಲಭ,” ಎಂದು ರಿಪೇರಿಯಮ್ಮ ಒಂದು ಕಡೆ ಒತ್ತಿದರು. ಪರದೆಯ ಮೇಲೆ ಚೌಕವೊಂದು ಎದ್ದು ಪಾಸ್‌ವರ್ಡ್ ಕೇಳಿತು. “ಟೀಚರಮ್ಮನ ಗುಟ್ಟಿನ ಪದ ಹೇಳಿ.”

“ನಂಗೊತ್ತಿಲ್ಲ.”

“ಆರಿಸಿ ಮತ್ತೆ ಹಚ್ಚೋದಾದ್ರೆ ನನ್ನ ಹತ್ರ ಬೇರೆ ಉಪಾಯ ಇದೆ. ಆದ್ರೆ ಆರಿಸಿದ್ರೆ ನಿಮ್ಮ ಅರವತ್ತೆರಡೂ ಹೋಯ್ತು. ಆರಿಸದೇ ಮಾಡಬೇಕು ಅಂದ್ರೆ ಆ ಪದ ಬೇಕೇ ಬೇಕು. ಇನ್ಯಾರಿಗೂ ಗೊತ್ತಿಲ್ವಾ?”

ಗೊತ್ತಿತ್ತು. ಒಬ್ಬರಿಗೆ ಗೊತ್ತಿತ್ತು.

ಆ ಒಬ್ಬರು ಅವರ ನಾದಿನಿ, ದೊಡ್ಡ ಟೀಚರ ತಂಗಿ, ಅದೇ ಶಾಲೆಯ ಚಿಕ್ಕ ಟೀಚರು. ಪುಸ್ತಕದ ಪದಗಳನ್ನು ಆರಿಸುವುದರಲ್ಲಿ ಅಕ್ಕನ ಜೊತೆ ಕುಳಿತವಳು. ಆಕೆಗೂ ಭಾವನಿಗೂ ಮಾತು ನಿಂತು ಎರಡು ತಿಂಗಳಾಗಿತ್ತು. ಪುಸ್ತಕವನ್ನು ಇದ್ದ ಹಾಗೆಯೇ ಅಚ್ಚಿಗೆ ಕೊಡೋಣ ಎಂದು ಆಕೆ ಬಂದಿದ್ದಳು. ಕೊಡುವ ಹಾಗಿಲ್ಲ, ತಿದ್ದಬೇಕು, ಎಂದಿದ್ದರು ಇವರು. ಏನು ತಿದ್ದಬೇಕೆಂದು ಕೇಳಿದರೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದರು. “ಅಕ್ಕನ ಪುಸ್ತಕಕ್ಕೆ ನೀವು ಕೈ ಹಚ್ಚಕೂಡದು ಭಾವ,” ಎಂದು ಆಕೆ ಚೀಲ ಎತ್ತಿಕೊಂಡು ಹೋಗಿಬಿಟ್ಟಿದ್ದಳು.

ಮುನಿಸಿನ ಬೇರು ಇನ್ನೂ ಕೆಳಗಿತ್ತು. ಕಡೆಯ ದಿನಗಳಲ್ಲಿ ದೊಡ್ಡ ಟೀಚರ ಗಂಟಲಿಗೆ ಕೊಳವೆ ಹಾಕಿದ್ದರು, ಮಾತು ಇರಲಿಲ್ಲ. ಆಕೆಗೆ ಅದೇನು ಕಷ್ಟ? ಕೈಯಲ್ಲೇ ಮಾತಾಡಿದರು. ತಂಗಿ ಕೈಯಲ್ಲೇ ಉತ್ತರ ಕೊಟ್ಟಳು. ಅಕ್ಕತಂಗಿಯರು ಗಂಟೆಗಟ್ಟಲೆ ಹಾಗೆ ಹರಟುವಾಗ ಅಚ್ಚಿನಯ್ಯನವರು ಮಂಚದ ಕಾಲ ಬಳಿ ನಿಂತಿರುತ್ತಿದ್ದರು. ಪುಸ್ತಕದ ತುಂಬ ಅವರದೇ ಕೈ. ಆದರೆ ಹೆಂಡತಿ ತಿರುಗಿಸಿದ ಹಾಗೆ ತಿರುಗಿಸಿ ಫೋಟೋಕ್ಕೆ ಹಿಡಿದರೇ ಹೊರತು, ಯಾವುದಕ್ಕೆ ಏನರ್ಥ ಎಂದು ಒಂದು ದಿನವೂ ಕೇಳಿ ಕಲಿತಿರಲಿಲ್ಲ. ಇನ್ನೊಂದು ಭಾಷೆಯ ಪುಸ್ತಕಕ್ಕೆ ಮೊಳೆ ಜೋಡಿಸುವವನು ಅಕ್ಷರ ನೋಡುತ್ತಾನೆ, ಓದುವುದಿಲ್ಲ, ಹಾಗೆ. ದೇವರು ಅದಕ್ಕೆ ತಕ್ಕ ಶಾಸ್ತಿ ಮಾಡಿದ ಎಂದು ಅವರಿಗೆ ಅನಿಸಿತ್ತು. ಆ ಸಂಕಟವನ್ನು ನಾದಿನಿಯ ಮೇಲಿನ ಸಿಡುಕಾಗಿ ಮಾಡಿಕೊಂಡಿದ್ದರು.

“ಮೂರಕ್ಕೆ ಇನ್ನು ಎರಡು ಗಂಟೆ ಇದೆ,” ಎಂದರು ರಿಪೇರಿಯಮ್ಮ. “ಯಾರ ಕಾಲು ಹಿಡೀಬೇಕೋ ಈಗಲೇ ಹಿಡೀರಿ.”

ಅಚ್ಚಿನಯ್ಯನವರು ಫೋನು ತೆಗೆದುಕೊಂಡು ಅಡುಗೆಮನೆಗೆ ಹೋದರು.

“ಹಲೋ, ನಾನು…”

“ಗೊತ್ತು, ಹೆಸರು ಬಂತು. ಏನಾಯ್ತು ಭಾವ? ಹುಷಾರಾಗಿದೀರಾ?” ಆ ಕಡೆಯ ದನಿಯಲ್ಲಿ ಗಾಬರಿ ಇತ್ತು.

“ನಾನು ಹುಷಾರು. ಕಂಪ್ಯೂಟರಿಗೆ ಹುಷಾರಿಲ್ಲ. ಅವಳ ಪಾಸ್‌ವರ್ಡು ಬೇಕಿತ್ತು.”

ಆ ಕಡೆ ಚೀಲದ ಜಿಪ್ಪು ಎಳೆದ ಸದ್ದಾಯಿತು.

“ಫೋನಲ್ಲಿ ಹೇಳಲ್ಲ. ಬರ್ತೀನಿ. ಅಲ್ಲೀವರೆಗೂ ಏನನ್ನೂ ಮುಟ್ಟಬೇಡಿ.”

ಚಿಕ್ಕ ಟೀಚರು ಬಸ್ಸು ಇಳಿದು ಏದುಸಿರು ಬಿಡುತ್ತ ಬಂದಾಗ ಎರಡೂ ಇಪ್ಪತ್ತು. ಐವತ್ತು ದಾಟಿದ ಹೆಂಗಸು, ಅಕ್ಕನದೇ ಗಲ್ಲ. ಚಪ್ಪಲಿ ಬಿಟ್ಟವಳು ನೇರ ಪರದೆಯ ಮುಂದೆ ಹೋಗಿ ನಿಂತು ಪುಟ ತಿರುಗಿಸಿದಳು. ಒಂದು, ಎರಡು, ಮೂರು. ಮುಖ ಕೆಂಪೇರಿತು.

“ಅಕ್ಕ ತೆಗೆದ ಫೋಟೋಗಳು ಎಲ್ಲಿ ಭಾವ?”

“ತೆಗೆದೆ.”

“ತೆಗೆದ್ರಾ! ಎರಡು ವರ್ಷ ಕೂತು ಮಾಡಿದಾಳೆ ಅವಳು. ಅವಳು ಹೋಗಿ ಮೂರು ತಿಂಗಳಾಗಿಲ್ಲ, ಅವಳ ಕೈಯಿಂದ ಆಗಿದ್ದನ್ನೆಲ್ಲ ಒರೆಸಿ ಹಾಕಿದೀರಲ್ಲ, ನಿಮಗೆ ಮನಸ್ಸಾದ್ರೂ ಹೇಗೆ ಬಂತು?”

ಅಚ್ಚಿನಯ್ಯನವರು ಬಲಗೈ ಎತ್ತಿ ಐದು ಬೆರಳು ಬಿಡಿಸಿ ಆಕೆಯ ಮುಂದೆ ಹಿಡಿದರು.

“ಇದೇನು?”

“ಐದು,” ಎಂದಳು ಆಕೆ, ಸಿಟ್ಟಿನಲ್ಲೇ.

“ಸರಿಯಾಗಿ ನೋಡು ಮಗು.”

ಆಕೆ ನೋಡಿದಳು. ಉಂಗುರದ ಬೆರಳಿನ ಮೇಲಿನ ಎರಡು ಗೆಣ್ಣು ಇರಲಿಲ್ಲ. ಮೂವತ್ತು ವರ್ಷದ ಹಿಂದೆ ಅಚ್ಚುಕೂಟದ ಕಾಗದ ಕತ್ತರಿಸುವ ಯಂತ್ರ ತೆಗೆದುಕೊಂಡದ್ದು. ಅಷ್ಟು ವರ್ಷದಿಂದ ಆ ಕೈಯನ್ನು ಕಂಡಿದ್ದ ಆಕೆಗೆ ಅದು ಕಣ್ಣಿಗೇ ಬೀಳದ ಹಾಗೆ ಆಗಿಹೋಗಿತ್ತು. ಅಕ್ಕನಿಗೂ ಹಾಗೆಯೇ.

“ನಿಮ್ಮ ಚಿಕ್ಕ ಮಕ್ಕಳು ಐದು ಅನ್ನೋದು ಹೇಗೆ? ತೋರಿಸು,” ಎಂದರು ಅಚ್ಚಿನಯ್ಯನವರು.

ಚಿಕ್ಕ ಟೀಚರ ಕೈ ತಾನಾಗಿ ಮೇಲೆದ್ದಿತು. ಬೆರಳುಗಳು ಬಿಡಿಸಿಕೊಂಡವು, ಉಂಗುರದ ಬೆರಳು ಮಾತ್ರ ತಾನೇ ಮಡಿಚಿಕೊಂಡಿತು. ಆಕೆ ಅದನ್ನು ನೋಡಿದಳು.

“ಒಬ್ಬರಿಂದ ಒಬ್ಬರು ಕಲಿತ ಕೆಟ್ಟ ಚಾಳಿ ಅಂದ್ಕೊಂಡಿದ್ದೆ ಭಾವ. ಎಷ್ಟು ಬೈದಿದೀನಿ ಅವುಗಳನ್ನ.”

“ಹಂಚಿದ ಹಾಳೆಗಳಲ್ಲಿ ನನ್ನ ಕೈ ನೋಡಿ ಕಲಿತಿದ್ದು ಅವು. ಐದು ಪೆನ್ಸಿಲು ಕೇಳಿದ ಮಗುವಿಗೆ ನಾಲ್ಕು ಕೊಟ್ಟು ಕಳಿಸಿದ್ರಂತೆ ಆಫೀಸಿನೋರು. ಅದು ಅತ್ತುಕೊಂಡು ನಿಮ್ಮಕ್ಕನ ಹತ್ರ ಬಂತು. ಅವತ್ತು ಅವಳು ಕಂಡುಹಿಡಿದಳು. ಮನೆಗೆ ಬಂದು ನನ್ನ ಕೈ ಹಿಡ್ಕೊಂಡು ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ಅಚ್ಚಿಗೆ ಹೋಗೋ ಮೊದಲು ಬದಲಾಯಿಸೋಣ ಅಂದಳು. ಆಮೇಲೆ ಹಾಸಿಗೆ ಹಿಡಿದಳು.” ಅಚ್ಚಿನಯ್ಯನವರು ಕೈ ಇಳಿಸಿದರು. “ಬೆರಳು ಕಾಣಬೇಕಾದ ಪುಟಗಳು ಅರವತ್ತೆರಡು. ಎಡಗೈಲಿ ಮಾಡಿ, ಫೋಟೋ ತೆಗೆದು, ಕನ್ನಡಿ ಬಿಂಬದ ಹಾಗೆ ತಿರುಗಿಸಿ ಅಂಟಿಸಿದೆ.”

“ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ?”

“ನನ್ನ ಕೈಯಿಂದ ಅವಳ ಪುಸ್ತಕ ಕೆಟ್ಟಿತು ಅಂತ ಹೇಗೆ ಹೇಳಲಿ?”

ಗಡಿಯಾರದ ಕಡೆ ಒಂದು ಕಣ್ಣಿಟ್ಟಿದ್ದ ರಿಪೇರಿಯಮ್ಮ ಕೆಮ್ಮಿದರು. “ಭಾವ-ನಾದಿನಿ ಜಗಳ ಚೆನ್ನಾಗೇ ಇದೆ. ಇನ್ನೊಂದು ದಿನ ಟಿಕೆಟ್ಟು ಕೊಂಡು ಬಂದು ಕೇಳ್ತೀನಿ. ಈಗ ಎರಡೂ ನಲವತ್ತು. ಪಾಸ್‌ವರ್ಡು.”

ಚಿಕ್ಕ ಟೀಚರು ಕುರ್ಚಿ ಎಳೆದುಕೊಂಡು ಕುಳಿತವಳು, ಕೀಲಿಗಳ ಮೇಲೆ ಬೆರಳು ಇಟ್ಟು ತಡೆದಳು.

“ಅಕ್ಕ ಆಸ್ಪತ್ರೆಯಲ್ಲಿ ನನ್ನ ಹತ್ರ ಮಾತು ತಗೊಂಡಿದ್ದಳು ಭಾವ. 'ಏನೇ ಆದ್ರೂ ಅವರಿಗೆ ಪಾಸ್‌ವರ್ಡು ಕೊಡಬೇಡ. ಪುಸ್ತಕ ಅಚ್ಚಾದ ಮಾರನೇ ದಿನವೇ ಎಲ್ಲಾ ಬಿಡಿಸಿ ಖಾನೆಗೆ ಹಾಕಿಬಿಡ್ತಾರೆ' ಅಂತ.”

ರಿಪೇರಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ಅಚ್ಚಿನಯ್ಯನವರೂ ನಕ್ಕರು, ನಗುತ್ತಲೇ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡರು. ಸಾಯುವ ಹೊತ್ತಿನಲ್ಲೂ ತಮ್ಮ ಗುಣ ಹಿಡಿದು ಹೇಳಿದಳಲ್ಲ!

“ಕೊಡಬೇಡ ಮಗು. ನೀನೇ ಹೊಡಿ. ನಾನು ಈ ಕಡೆ ನೋಡ್ತೀನಿ.”

ಅವರು ಗೋಡೆಗೆ ಮುಖ ಮಾಡಿ ನಿಂತರು. ಹಿಂದೆ ಟಕಟಕ ಸದ್ದಾಯಿತು. ಚೌಕ ಮಾಯವಾಯಿತು.

“ಬಂತು,” ಎಂದು ರಿಪೇರಿಯಮ್ಮ ಕುರ್ಚಿಗೆ ಬಂದರು. “ಯಜಮಾನ್ರೇ, ಈ ಫೋಲ್ಡರಿನ ಒಡೆತನವನ್ನೇ ನಿಮ್ಮ ಹೆಸರಿಗೆ ಮಾಡಿಬಿಡ್ಲಾ? ಮುಂದೆ ತಾಪತ್ರಯ ಇರಲ್ಲ. ಟೀಚರಮ್ಮನ ಹೆಸರು ಹೋಗುತ್ತೆ ಅಷ್ಟೆ.”

“ಬೇಡ, ಬೇಡ.” ಅಚ್ಚಿನಯ್ಯನವರು ತಟ್ಟನೆ ತಿರುಗಿದರು. “ಅವಳ ಹೆಸರು ಮೇಲೆ ಇದ್ದ ಹಾಗೇ ಇರಲಿ. ನನಗೆ ಬರೆಯೋಕೆ ಮಾತ್ರ ಬಿಡಿ. ಸಾಧ್ಯ ಇದ್ರೆ ಅಳಿಸೋಕೆ ಬಿಡಬೇಡಿ.”

“ತಿದ್ದೋದು ಅಂದ್ರೆ ಅಳಿಸೋದೂ ಸೇರುತ್ತೆ ಯಜಮಾನ್ರೇ. ಇನ್ನು ನಿಮ್ಮ ಬುದ್ಧಿ, ನಿಮ್ಮ ದೇವರು,” ಎಂದು ಆಕೆ 'ನಮ್ಮವರು' ಎಂಬ ಹೆಸರಿನ ಎದುರು ಒಂದು ಟಿಕ್ ಹಾಕಿ ಸರಿ ಎಂದು ಒತ್ತಿದರು. “ಈಗ ಉಳಿಸಿ.”

ಅಚ್ಚಿನಯ್ಯನವರು ಗುಂಡಿ ಒತ್ತಿದರು. ಪರದೆ ಒಂದು ಗಳಿಗೆ ಯೋಚಿಸಿತು. “ಇಲ್ಲಿ ಉಳಿಸಲು ನಿಮಗೆ ಅನುಮತಿ ಇಲ್ಲ. ಒಡೆಯರನ್ನು ಸಂಪರ್ಕಿಸಿ.”

ಬೀದಿಯಲ್ಲಿ ಲಾರಿಯೊಂದು ನಿಂತ ಸದ್ದು, ಕಬ್ಬಿಣ ನೆಲಕ್ಕೆ ಬಿದ್ದ ಸದ್ದು, ಆಳುಗಳ ಕೂಗು ಕೇಳಿತು. ಅಚ್ಚಿನಯ್ಯನವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಒಪ್ಪಿಗೆ ಇಲ್ಲವೇನೋ. ಆಕೆಗೇ ಮನಸ್ಸಿಲ್ಲವೇನೋ.

“ಹೀಗೆಲ್ಲಾ ಮುಖ ಮಾಡ್ಕೋಬೇಡಿ,” ಎಂದರು ರಿಪೇರಿಯಮ್ಮ. ಆಕೆಯ ಕಣ್ಣು ಪರದೆಯ ಮೇಲೇ ಇತ್ತು. “ತಪ್ಪು ನಂದು. ಹೊರಬಾಗಿಲು ತೆಗೆದೆ, ಒಳಕೋಣೆ ಬಿಟ್ಟೆ. ಚಿತ್ರಗಳಿಗೆ ಒಳಗೆ ಇನ್ನೊಂದು ಫೋಲ್ಡರಿದೆ, ಅದು ಹೊರಗಿನದರ ಮಾತು ಕೇಳ್ತಿಲ್ಲ. ಅದಕ್ಕೆ ಬೇರೆ ಹೇಳಬೇಕು. ಚಿಕ್ಕ ಟೀಚರಮ್ಮ, ಇನ್ನೊಂದು ಸಲ ಹೊಡೀರಿ.”

ಅಚ್ಚಿನಯ್ಯನವರು ಮತ್ತೆ ಗೋಡೆಗೆ ತಿರುಗಿದರು. ಟಕಟಕ. ಒಂದು ಟಿಕ್. ಗಡಿಯಾರದಲ್ಲಿ ಮೂರಕ್ಕೆ ಆರು ನಿಮಿಷ.

“ಹೂಂ, ಒತ್ತಿ.”

ಒತ್ತಿದರು. ಪರದೆ ಯೋಚಿಸಿತು. ಕಾದರು. ಏನೂ ಬರಲಿಲ್ಲ.

“ಏನೂ ಹೇಳಲಿಲ್ಲವಲ್ಲಮ್ಮ?”

“ಉಳಿದಾಗ ಅದು ಏನೂ ಹೇಳಲ್ಲ. ಗಂಡಸರ ಥರ, ಬೇಡ ಅನ್ನೋಕೆ ಮಾತ್ರ ಬಾಯಿ.” ರಿಪೇರಿಯಮ್ಮ ಆಗಲೇ ಒಂದು ಪೆನ್‌ಡ್ರೈವು ಸಿಕ್ಕಿಸಿ ಇಡೀ ಫೋಲ್ಡರಿನ ಒಂದು ಪ್ರತಿ ತೆಗೆದುಕೊಂಡಿದ್ದರು. ಅದನ್ನು ಚಿಕ್ಕ ಟೀಚರ ಕೈಗೆ ಕೊಟ್ಟರು. “ಇದು ನಿಮ್ಮ ಚೀಲದಲ್ಲಿರಲಿ. ಇವರ ಕೈಗೆ ಕೊಡಬೇಡಿ. ಯಜಮಾನ್ರೇ, ಆ ಕರವಸ್ತ್ರ ಬಿಚ್ಚಿ. ಇದನ್ನ ಮರ್ಯಾದೆಯಾಗಿ ಮಲಗಿಸೋಣ.”

ಹನ್ನೆರಡು ದಿನದ ಗಂಟು ಬಿಗಿದುಹೋಗಿತ್ತು. ಅಚ್ಚಿನಯ್ಯನವರು ಅದನ್ನು ಹಲ್ಲಿನಿಂದ ಬಿಡಿಸಿದರು. ಪರದೆ ಕಪ್ಪಾಯಿತು. ಇಷ್ಟು ದಿನ ಕಿವಿಗೆ ಒಗ್ಗಿಹೋಗಿದ್ದ ಗುಂಯ್ ಸದ್ದು ನಿಂತು ಕೋಣೆ ದೊಡ್ಡದಾದಂತೆ ಕಂಡಿತು. ಸ್ವಲ್ಪ ಹೊತ್ತಿಗೆ ಫ್ಯಾನು ನಿಧಾನವಾಗಿ ನಿಂತಿತು. ಕಂಬ ಇಳಿಸುವವರು ಮಾತು ತಪ್ಪಿರಲಿಲ್ಲ.

ರಿಪೇರಿಯಮ್ಮ ಅಂಗಡಿಗೆ ಹೋದರು. ಭಾವ, ನಾದಿನಿ ಕರೆಂಟು ಬರುವುದನ್ನು ಕಾಯುತ್ತ ಕಿಟಕಿಯ ಹತ್ತಿರ ಕುಳಿತರು. ತೆರೆದು ನೋಡುವವರೆಗೆ ಉಳಿದಿದೆ ಎಂದು ನಂಬುವುದಕ್ಕೆ ಅಚ್ಚಿನಯ್ಯನವರಿಗೆ ಧೈರ್ಯ ಇರಲಿಲ್ಲ. ಹೊರಗೆ ಆಳುಗಳು ಹಗ್ಗ ಎಳೆಯುತ್ತಿದ್ದರು. ಅಚ್ಚಿನಯ್ಯನವರು ನಾದಿನಿಯ ಕಡೆ ತಿರುಗಿದರು.

“ಒಂದು ಕೇಳಬೇಕಿತ್ತು ಮಗು. ಕಡೇ ದಿನ, ನೀನು ಡಾಕ್ಟರನ್ನ ಕರೆಯೋಕೆ ಹೋಗಿದ್ದಾಗ ಅವಳು ನನ್ನ ನೋಡಿ ಹೀಗೆ ಮಾಡಿದಳು.”

ಅವರು ಎರಡು ಅಂಗೈಗಳನ್ನು ಎದೆಯ ಮುಂದೆ ಒಂದರ ಮೇಲೊಂದು ಅಡ್ಡಲಾಗಿ ಹಿಡಿದು, ಮೇಲಿನದನ್ನು ಮೆಲ್ಲಗೆ ಎತ್ತಿದರು. ಅರ್ಥ ತಿಳಿಯದಿದ್ದರೂ ಆಕಾರ ತಪ್ಪುವ ಕೈಯಲ್ಲ ಅದು.

“ಎರಡು ಸಲ ಮಾಡಿದಳು. ನಂಗೆ ಗೊತ್ತಾಗಲಿಲ್ಲ. ತಲೆ ಅಲ್ಲಾಡಿಸಿಬಿಟ್ಟೆ. ಆಮೇಲೆ ಸುಮ್ಮನಾದಳು. ಅದೇನು?”

ಚಿಕ್ಕ ಟೀಚರು ತಾನೂ ಅದೇ ಸನ್ನೆ ಮಾಡಿದಳು.

“ಕಿಟಕಿ, ಭಾವ. ಕಿಟಕಿ ತೆಗೀರಿ ಅಂತ.”

ಅಚ್ಚಿನಯ್ಯನವರು ಕೈಗಳನ್ನು ಮಡಿಲಿಗೆ ಇಳಿಸಿದರು. ಎಪ್ಪತ್ತು ದಿನಕ್ಕಿಂತ ಹೆಚ್ಚಾಗಿ ಅವರು ಆ ಸನ್ನೆಗೆ ಏನೇನೋ ಅರ್ಥ ಕಟ್ಟಿದ್ದರು. ಕ್ಷಮೆ ಎಂದು, ದೂರು ಎಂದು, ಹೋಗಿ ಬರುತ್ತೇನೆ ಎಂದು. ಕಿಟಕಿ.

“ತೆಗೆಯಲಿಲ್ಲವಲ್ಲ ನಾನು.”

“ನಾನು ತೆಗೆದೆ. ಡಾಕ್ಟರ ಜೊತೆ ಬಂದ ಮೇಲೆ ನನಗೂ ಅದನ್ನೇ ಹೇಳಿದಳು. ನೀವು ಆಗ ಔಷಧಿ ಚೀಟಿ ಹಿಡ್ಕೊಂಡು ಕೆಳಗೆ ಓಡಿದ್ರಿ. ಗಾಳಿ ಬಂತು. ಚೆನ್ನಾಗಿ ಉಸಿರು ಎಳೆದುಕೊಂಡಳು ಭಾವ. ನಿಜವಾಗ್ಲೂ.”

“ಗಾಳಿ ಬಂತಾ?”

“ಬಂತು.”

ಅವರು ತಲೆಯಾಡಿಸಿದರು. ತುಟಿ ಅಲುಗಿತು. ದೇವರ ಹೆಸರು ಹೇಳಿದರೋ ಏನೋ, ಅವಳ ಕಿವಿಗೆ ಬೀಳಲಿಲ್ಲ.

ಐದು ದಾಟಿ ಹತ್ತು ನಿಮಿಷಕ್ಕೆ ಫ್ಯಾನು ತಿರುಗಿತು. ಅಚ್ಚಿನಯ್ಯನವರಿಗೆ ಸ್ವಿಚ್ಚು ಒತ್ತಲು ಕೈ ಬರಲಿಲ್ಲ, ಅವಳೇ ಒತ್ತಿದಳು. ಪುಸ್ತಕ ತೆರೆಯಿತು. ಮೊದಲನೆಯ ಪುಟ, ಎರಡನೆಯದು, ಎಡಗೈಯ ಐದೂ ಬೆರಳು ನೆಟ್ಟಗೆ ನಿಂತಿದ್ದವು.

“ಇದೆ,” ಎಂದಳು ಚಿಕ್ಕ ಟೀಚರು.

“ಹಾಗಾದ್ರೆ ಕರಡು ನೋಡೋಣ,” ಎಂದರು ಅಚ್ಚಿನಯ್ಯನವರು. ಅವರ ದನಿ ಒಮ್ಮೆಗೇ ಬದಲಾಗಿತ್ತು. ಅಚ್ಚುಕೂಟದಲ್ಲಿ ಕರಡು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಓದಬೇಕು, ಇನ್ನೊಬ್ಬರು ಅಚ್ಚಿನ ಮೇಲೆ ಬೆರಳಿಟ್ಟು ನೋಡಬೇಕು. “ನೀನು ಪದ ಓದಿ ಕೈಯಲ್ಲಿ ಮಾಡು. ನಾನು ಚಿತ್ರ ನೋಡ್ತೀನಿ.”

ಅವಳು ಓದಿದಳು, ಮಾಡಿದಳು. ಅವರು ಚಿತ್ರವನ್ನೂ ಅವಳ ಕೈಯನ್ನೂ ನೋಡಿ ಹೂಂ ಎಂದರು. ಒಂದೊಂದು ಕಡೆ ಹೂಂ ಎನ್ನುವ ಮೊದಲು ತಾವೂ ಕೈಯೆತ್ತಿ ಮಾಡಿ ನೋಡಿದರು. ನೀರು. ಮನೆ. ನಾಳೆ. ಹಸಿವು. ಇಪ್ಪತ್ತು ಪುಟ ದಾಟಿದವು, ಮೂವತ್ತು ದಾಟಿದವು.

“ಬಲಗಡೆ,” ಎಂದು ಓದಿ ಅವಳು ಕೈಯನ್ನು ಬಲಕ್ಕೆ ಚಾಚಿದಳು.

ಚಿತ್ರದ ಕೈ ಎಡಕ್ಕೆ ಚಾಚಿತ್ತು.

ಅಚ್ಚಿನಯ್ಯನವರು ಹಣೆ ಚಚ್ಚಿಕೊಂಡರು. ಎಡಗೈಯನ್ನು ಬಲಕ್ಕೆ ತೋರಿಸಿ ಫೋಟೋ ತೆಗೆದು, ಆಮೇಲೆ ಉಳಿದವುಗಳ ಹಾಗೆ ಅದನ್ನೂ ತಿರುಗಿಸಿಬಿಟ್ಟಿದ್ದರು. “ನಲವತ್ತು ವರ್ಷ ತಿರುಗುಮುರುಗು ಅಕ್ಷರಾನೇ ಓದಿದವನು ನಾನು. ಮೊಳೆಯಲ್ಲಿ ಎಲ್ಲಾ ಹಿಂದುಮುಂದಾಗಿರುತ್ತೆ. ಒಂದು ಸಲಾನೂ ಮೋಸ ಹೋದವನಲ್ಲ. ಈ ಮುದಿ ವಯಸ್ಸಲ್ಲಿ…”

“ಇಡೀ ಶಾಲೆಗೆ ದಾರಿ ತಪ್ಪಿಸ್ತಿದ್ರಿ ಭಾವ,” ಎಂದು ಅವಳು ನಕ್ಕಳು. “ಈಗೇನು ಮಾಡೋದು?”

ಅವರು ಕ್ಯಾಮೆರಾ ತೆಗೆದರು. ತಮ್ಮ ಎಡಗೈ ನೋಡಿಕೊಂಡರು, ಆಮೇಲೆ ಅವಳ ಕಡೆ ನೋಡಿದರು.

“ನಿನ್ನ ಬಲಗೈ ಕೊಡು.”

“ನಂದಾ? ನನ್ನ ಕೈ ಒರಟು. ಚಾಕ್‌ಪೀಸು ಹಿಡಿದು ಹಿಡಿದು…”

“ಐದು ಬೆರಳು ಇದೆಯಲ್ಲ, ಸಾಕು. ಬಾ, ಕಿಟಕಿ ಹತ್ರ. ಕತ್ತಲಾಗೋ ಮೊದಲು.”

ಅವಳು ಕುರ್ಚಿಯಲ್ಲಿ ಕುಳಿತು ಕೈ ಚಾಚಿದಳು. ಅಚ್ಚಿನಯ್ಯನವರು ಅವಳ ಮಣಿಕಟ್ಟನ್ನು ಎರಡು ಬೆರಳಿನಿಂದ ಹಿಡಿದು ಸ್ವಲ್ಪ ಮೇಲಕ್ಕೆ, ಸ್ವಲ್ಪ ಬೆಳಕಿನ ಕಡೆಗೆ ತಿರುಗಿಸಿದರು. “ಬಿಗಿ ಹಿಡೀಬೇಡ. ಹಾಂ. ಹಾಗೇ ಇರು.” ಮೂರು ಸಲ ತೆಗೆದರು. ಮೂರನೆಯದು ಚೆನ್ನಾಗಿ ಬಂದಿತ್ತು. ಅದನ್ನು ಪುಟದಲ್ಲಿ ಕೂರಿಸಿದರು. ತಿರುಗಿಸಲಿಲ್ಲ. ಕ್ಯಾಮೆರಾದಲ್ಲಿ ಅಳಿಸಲೂ ಇಲ್ಲ.

ಆಮೇಲೆ 'ಉಳಿಸು' ಒತ್ತಿ, ಉಸಿರು ಹಿಡಿದು ಪರದೆಯನ್ನೇ ನೋಡಿದರು. ಯಂತ್ರ ಏನೂ ಹೇಳಲಿಲ್ಲ.

“ಹೂಂ,” ಎಂದರು ಅಚ್ಚಿನಯ್ಯನವರು, ಕನ್ನಡಕ ಸರಿಮಾಡಿಕೊಂಡು. “ಮುಂದಿನದು ಓದು.”